ನೆಲದ ತಂಪು

ಮೋರಖಂಡಿಯ ನಮ್ಮ ಮನೆಯ ಪೂರ್ವಭಾಗಕ್ಕೆ ಒಂದು ಕೋಣೆಯನ್ನು ಕೂಡಿಸುವ ಕಾರ್ಯವನ್ನು ಈ ವರ್ಷ ಕೈಕೊಂಡೆವು. ಮನೆಯಾಕೆಗೆ ಸಂಧಿವಾತ, ಮಹಡಿ ಹತ್ತುವುದು ಅವಳಿಂದಾಗದು. ಕೆನಡಾದಲ್ಲಿರುವ ಮಗನು ಕಳುಹಿದ ನಕ್ಷೆಯಲ್ಲಿ, ತಾಯಿಯ ಕಾಲಿಗೆ ಶೀತ ತಗಲದಂತೆ ನೆಲಗಟ್ಟಿನಲ್ಲಿ ಎರಡಂಗುಲದ ಉಷ್ಣನಿರೋಧಕ ಹಲಗೆಯನ್ನು ಹಾಸಬೇಕೆಂದು ಬರೆದಿದ್ದಿತು. "ಮಾಸ್ತರೇ, ಇದನ್ನು ಕಾಂಕ್ರೀಟಿನ ಕೆಳಗೆ ಹಾಕಲೋ, ಮೇಲೆ ಫರಸಿಯ ಬುಡಕ್ಕೆ ಹಾಕಲೋ?" ಎಂದು ಗೌಂಡಿಯು ಕೇಳಿದನು. ನನ್ನ ಪಿಂಚಣಿಯ ಹಣವು ಒಂದು ಕಡೆಗೆ ಮಾತ್ರ ಸಾಲುವಂತಿದ್ದಿತು.

ಮಗನ ದೇಶದಲ್ಲಿ ನೆಲವೇ ಹೆಪ್ಪುಗಟ್ಟುವುದು. ಇಂಧನಕ್ಕೆ ಹಣ ತೆತ್ತು ಮನೆಯನ್ನು ಬಿಸಿಮಾಡುವರು. ಆ ಬಿಸಿಯು ಮಣ್ಣಿಗೆ ಸೋರದಂತೆ ತಡೆಯುವುದು ಅಲ್ಲಿ ಯುಕ್ತವೇ ಸರಿ. ಸುಮಾರು 2000 ಅಡಿ ಎತ್ತರದ ನಮ್ಮ ಸೀಮೆಯಲ್ಲಿ ಪುಷ್ಯಮಾಸದ ಕೆಲವು ರಾತ್ರಿಗಳು 10 ಡಿಗ್ರಿಯ ಹತ್ತಿರಕ್ಕೆ ಇಳಿಯುವುದುಂಟು. ವೈಶಾಖದ ಹಗಲು 40ಕ್ಕೆ ಏರುವುದು. ಭೂಮಿಯಾದರೋ ಹೀಗೆ ಚಂಚಲೆಯಲ್ಲ. ಹತ್ತು ಹದಿನೈದು ಅಡಿ ಆಳದಲ್ಲಿ ಅವಳ ಉಷ್ಣತೆ ವರುಷವೆಲ್ಲ ಬಹುಮಟ್ಟಿಗೆ ಒಂದೇ. ಬೇಸಿಗೆಯ ಗಾಳಿಗಿಂತ ತಂಪು, ಚಳಿಯ ರಾತ್ರಿಯ ಗಾಳಿಗಿಂತ ಬೆಚ್ಚಗೆ. ಒಲೆಯಿಲ್ಲದ ಕೋಣೆಗೂ ಭೂಮಿಗೂ ನಡುವೆ ಹಲಗೆಯಿಟ್ಟರೆ ಎರಡು ಋತುಗಳ ಉಪಕಾರವನ್ನೂ ಕಳೆದುಕೊಂಡಂತೆ.

ಹಾಗಾದರೆ ಕಲ್ಲು ಕಾಲಿಗೇಕೆ ತಣ್ಣಗೆ? ಒಂದೇ ಕೋಣೆಯಲ್ಲಿರುವ ಶಹಾಬಾದ ಫರಸಿಗೂ ಮರದ ಮಣೆಗೂ ಉಷ್ಣತೆ ಒಂದೇ. ಆದರೆ ಕಲ್ಲು ಅಂಗಾಲಿನ ಬಿಸಿಯನ್ನು ಬೇಗನೆ ಸೆಳೆಯುವುದು, ಮರ ಸೆಳೆಯದು. ಆದುದರಿಂದ ಹಲಗೆಯನ್ನು ಫರಸಿಯ ಬುಡಕ್ಕೆ ತುರುಕಿದರೂ ಅಂಗಾಲಿಗೆ ತಾಕುವುದು ಕಲ್ಲೇ. ತಡೆ ಇರಬೇಕಾದುದು ಕಲ್ಲಿಗೂ ಕಾಲಿಗೂ ನಡುವೆ. ಗೀತೆಯ ಆರನೆಯ ಅಧ್ಯಾಯದಲ್ಲಿ ಧ್ಯಾನಕ್ಕೆ ಕೂಡುವವನಿಗೆ ದರ್ಭೆ, ಅದರ ಮೇಲೆ ಅಜಿನ, ಅದರ ಮೇಲೆ ವಸ್ತ್ರವೆಂದು ಆಸನವನ್ನು ವಿಧಿಸಿದೆ. ಪಾಠಶಾಲೆಯಲ್ಲಿ ಇದನ್ನು ಶುಚಿತ್ವದ ವಿಚಾರವೆಂದೇ ಕಲಿತಿದ್ದೆವು. ಚಳಿಗೂ ಅದು ಒಳ್ಳೆಯ ಮದ್ದು. ಮನೆಯಾಕೆ ನಮ್ಮೆಲ್ಲರ ವಾದವನ್ನೂ ಕೇಳಿ, "ಮಂಚದ ಬದಿಗೆ ಒಂದು ಕಂಬಳಿ ಹಾಸಿರಿ, ಸಾಕು" ಎಂದಳು.

ನೆಲದಿಂದ ಬರುವ ನಿಜವಾದ ಶತ್ರು ಚಳಿಯಲ್ಲ, ತೇವ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದು. ಅದನ್ನು ತೆಗೆಯಿಸಿ, ಮುರುಮು ತುಂಬಿಸಿ, ನೀರು ಹೊಡೆದು ದಿಮ್ಮಸು ಮಾಡಿಸಿದೆವು. ಕಾಂಕ್ರೀಟಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಾಸಿದೆವು. ಇದರಲ್ಲಿ ಕೈಹಿಡಿತ ಸಲ್ಲದು.

ಹಲಗೆಗಳು ಮಾಳಿಗೆಯನ್ನೇರಿದವು. ಹಿಂದಿನವರ ಮಣ್ಣಿನ ಮಾಳಿಗೆ ದಪ್ಪವಾಗಿದ್ದು ಬಿಸಿಲನ್ನು ತಡೆಯುತ್ತಿತ್ತು. ಐದಾರು ಅಂಗುಲದ ಕಾಂಕ್ರೀಟು ಹಗಲೆಲ್ಲ ಕಾದು ರಾತ್ರಿ ನಮ್ಮ ಮೇಲೆ ಉಗುಳುವುದು. ಗೌಂಡಿ ಅವುಗಳನ್ನು ಚಾವಣಿಯ ಒಳಮೈಗೆ ಅಂಟಿಸುವುದೆಂದನು. ಒಪ್ಪಲಿಲ್ಲ, ಬಿಸಿಲು ಕಾಂಕ್ರೀಟನ್ನು ಮುಟ್ಟುವ ಮೊದಲೇ ತಡೆಯಬೇಕು. ಮೇಲೆಯೇ ಹಾಸಿ, ಗಾರೆ ಹೊದಿಸಿ, ಬಿಳಿಯ ಹಂಚಿನ ಚೂರುಗಳನ್ನು ಕೂಡಿಸಿ, ನೀರು ಹರಿಯುವಂತೆ ಇಳಿಜಾರು ಕೊಡಿಸಿದೆವು. ಮಗನಿಗೆ ಎಲ್ಲವನ್ನೂ ವಿವರಿಸಿ ಬರೆದಿದ್ದೇನೆ. ಅವನ ಉತ್ತರ ಇನ್ನೂ ಬಂದಿಲ್ಲ.