ಮಂಡಗದ್ದೆಯ ಬೆಳಕಿನಲ್ಲಿ ಮಂಕಾಗುವ ಪರದೆ

ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆ ಹೊರಟ ಬಸ್ಸು ಗಾಜನೂರಿನ ಅಣೆಕಟ್ಟೆಯನ್ನೂ ಸಕ್ರೆಬೈಲಿನ ಆನೆ ಬಿಡಾರವನ್ನೂ ದಾಟಿದ ಮೇಲೆ ಕಾಡಿನ ನೆರಳು ಹೆಚ್ಚುತ್ತದೆ. ಸುಮಾರು 30 ಕಿ.ಮೀ. ಕಳೆಯುವ ಹೊತ್ತಿಗೆ ಮರಗಳ ಮರೆ ಸರಿದು ತುಂಗೆಯ ಅಗಲವಾದ ಹರಿವು ಕಣ್ಣಿಗೆ ಬೀಳುತ್ತದೆ. ಹೊಳೆಯ ನಡುವೆ ಒಂದು ಪುಟ್ಟ ನಡುಗಡ್ಡೆ. ಅದರ ಮೇಲಿನ ಮರಗಳಲ್ಲಿ ಬಿಳಿಯ ಹೂವು ಬಿಟ್ಟಂತೆ ಹಕ್ಕಿಗಳು. ಇದೇ ಮಂಡಗದ್ದೆ ಪಕ್ಷಿಧಾಮ.

ಇಡೀ ನಡುಗಡ್ಡೆಯ ವಿಸ್ತಾರ ಒಂದು ಎಕರೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ರಂಗನತಿಟ್ಟನ್ನು ನೋಡಿ ಬಂದವರಿಗೆ ಇದು ಮನೆಯ ಹಿತ್ತಿಲಿನಷ್ಟು ಚಿಕ್ಕದಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಮಳೆಗಾಲದಲ್ಲಿ ಇಲ್ಲಿಗೆ ಬರುವ ಹಕ್ಕಿಗಳಿಗೆ ಬೇಕಾದದ್ದು ವಿಸ್ತಾರವಲ್ಲ, ರಕ್ಷಣೆ. ಸುತ್ತ ಕೆಂಪು ನೀರು ಸುತ್ತುಗಟ್ಟಿ ಹರಿಯುವಾಗ ಬೆಕ್ಕು, ನಾಯಿ, ಮನುಷ್ಯ ಯಾರೂ ಅಲ್ಲಿಗೆ ಹೋಗಲಾರರು. ಹೊಳೆ ಉಕ್ಕಿದಾಗ ನಡುಗಡ್ಡೆಯ ನೆಲ ಮುಳುಗಿ ಮರಗಳ ತಲೆ ಮಾತ್ರ ನೀರಿನ ಮೇಲೆ ಉಳಿಯುತ್ತದೆ. ಆ ತಲೆಗಳ ಮೇಲೆಯೇ ಗೂಡು, ಮೊಟ್ಟೆ, ಮರಿ, ಸಂಸಾರ.

ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಇಲ್ಲಿನ ಮುಖ್ಯ ಅತಿಥಿಗಳು. ಹಾವಕ್ಕಿ ಈಜುವಾಗ ದೇಹವನ್ನು ನೀರಿನೊಳಗೆ ಅಡಗಿಸಿ ಉದ್ದನೆಯ ಕತ್ತನ್ನಷ್ಟೇ ಮೇಲಕ್ಕೆ ಎತ್ತಿರುತ್ತದೆ. ಹಾವೇ ಈಜುತ್ತಿದೆ ಎಂದು ಬೆಚ್ಚಿ ಬೀಳುವವರೂ ಉಂಟು. ಅದರ ಗರಿ ನೀರು ಕುಡಿದು ತೋಯುವುದರಿಂದ ದಡಕ್ಕೆ ಬಂದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳಲೇಬೇಕು. ಬೆಳ್ಳಕ್ಕಿಗಳಿಗೆ ಈ ಕಾಲದಲ್ಲಿ ಬೆನ್ನಿನ ಮೇಲೆ ಎಳೆಎಳೆಯಾದ ನವಿರು ಗರಿಗಳು ಮೂಡುತ್ತವೆ. ಹಿಂದೆ ಯುರೋಪಿನ ಹೆಂಗಸರ ಟೊಪ್ಪಿಗೆಯ ಅಲಂಕಾರಕ್ಕಾಗಿ ಈ ಗರಿಗಳಿಗೆ ಅಪಾರ ಬೆಲೆಯಿತ್ತು. ಗೂಡಿನಲ್ಲಿ ಮರಿಗಳಿರುವಾಗಲೇ ತಾಯಿ ಹಕ್ಕಿಯನ್ನು ಕೊಲ್ಲುತ್ತಿದ್ದರು. ಭಾರತದಿಂದ ಗರಿಗಳ ರಫ್ತನ್ನು 1902ರಲ್ಲಿ ನಿಷೇಧಿಸಿದ್ದು ಇಂಥ ಹತ್ಯೆಯನ್ನು ತಡೆಯಲೆಂದೇ.

ಗೋಪುರದ ಮೇಲಿನ ನಿರಾಸೆ

ಇಂದು ಯಾರೂ ಗರಿಗಾಗಿ ಬರುವುದಿಲ್ಲ. ಎಲ್ಲರೂ ಚಿತ್ರಕ್ಕಾಗಿ ಬರುತ್ತಾರೆ. ರಸ್ತೆ ಬದಿಯ ವೀಕ್ಷಣಾ ಗೋಪುರವನ್ನು ಹತ್ತುವವರಲ್ಲಿ ಕ್ಯಾಮೆರಾ ಹೊತ್ತವರು ಬೆರಳೆಣಿಕೆ, ಮೊಬೈಲು ಹಿಡಿದವರೇ ಎಲ್ಲ. ಅಡಿಕೆಯ ಹಣ ಕೈಗೆ ಬಂದಾಗಲೋ, ಕಂತಿನ ಮೇಲೋ ಕೊಂಡ ಹೊಸ ಸ್ಮಾರ್ಟ್‌ಫೋನನ್ನು ಮೊದಲ ಬಾರಿಗೆ ಪರೀಕ್ಷಿಸಲು ಮಂಡಗದ್ದೆಗಿಂತ ಒಳ್ಳೆಯ ಜಾಗ ಯಾವುದು?

ಆದರೆ ಜಡಿಮಳೆ ನಿಂತು ಹೊಳವಾಗುತ್ತಿದ್ದಂತೆ ಆ ಉತ್ಸಾಹ ಇಳಿಯತೊಡಗುತ್ತದೆ. ಮೋಡ ಹರಿದು ಬಿಸಿಲು ಬಿದ್ದೊಡನೆ ಕೈಯಲ್ಲಿದ್ದ ಪರದೆ ಕಪ್ಪು ಹಂಚಿನಂತಾಗುತ್ತದೆ. ಅದರಲ್ಲಿ ಹಕ್ಕಿ ಕಾಣುವುದಿಲ್ಲ. ಕಾಣುವುದು ಹಿಡಿದವರ ಮುಖ ಮತ್ತು ಹಿಂದಿನ ಆಕಾಶ. ಅಂಗೈಯನ್ನು ಮರೆ ಮಾಡಿ, ಕೊಡೆ ಬಿಚ್ಚಿ, ಸೆರಗಿನೊಳಗೆ ಇಣುಕಿ ನೋಡುವವರನ್ನು ಭಾನುವಾರಗಳಲ್ಲಿ ಇಲ್ಲಿ ಕಾಣಬಹುದು.

‘ಇಷ್ಟು ದುಡ್ಡು ಕೊಟ್ಟು ತಂದದ್ದು ಹಳೇದಕ್ಕಿಂತ ಮಂಕಲ್ಲ ಮಾರಾಯ’ ಎಂದು ತಂದೆ ಗೊಣಗಿದರೆ, ‘ನಂಗೆ ಕಾಣ್ತದಲ್ಲ ಅಪ್ಪಯ್ಯ’ ಎಂದು ಮಗ ಅದನ್ನು ಇಸಿದುಕೊಳ್ಳುವುದು ಹಲವು ಮನೆಗಳ ಕಥೆ. ಇವರಲ್ಲಿ ಯಾರು ಸರಿ? ವಿಜ್ಞಾನದ ಪ್ರಕಾರ ಇಬ್ಬರೂ ಸರಿಯಾಗಿರಲು ಸಾಧ್ಯ.

ಬೆಳಕಿನ ಲೆಕ್ಕ

ಒಂದು ಜಾಗಕ್ಕೆ ಎಷ್ಟು ಬೆಳಕು ಬೀಳುತ್ತಿದೆ ಎಂಬುದನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ದೀಪ ಹಚ್ಚಿದ ಅಂಗಡಿಯೊಳಗೆ 500 ಲಕ್ಸ್ ಇದ್ದರೆ ಅದು ಒಳ್ಳೆಯ ಬೆಳಕು. ಮಳೆಗಾಲದ ದಟ್ಟ ಮೋಡದ ಕೆಳಗೆ ಒಂದೆರಡು ಸಾವಿರ, ತೆಳುವಾದ ಮೋಡವಿದ್ದರೆ ಹತ್ತು ಸಾವಿರ ಅಥವಾ ಇನ್ನೂ ಹೆಚ್ಚು. ನೇರ ಬಿಸಿಲಿನಲ್ಲಿ ಮಾತ್ರ ಅದು ಸುಮಾರು ಒಂದು ಲಕ್ಷಕ್ಕೆ ಏರುತ್ತದೆ. ಅಂದರೆ ಅಂಗಡಿಯ ಬೆಳಕಿನ ಇನ್ನೂರು ಪಟ್ಟು.

ಒಂದು ಮೇಲ್ಮೈ ನಮ್ಮ ಕಣ್ಣಿಗೆ ಎಷ್ಟು ಬೆಳಕನ್ನು ಕಳಿಸುತ್ತಿದೆ ಎಂಬುದಕ್ಕೆ ಬೇರೆ ಮಾನವಿದೆ. ಅದೇ ನಿಟ್. ಒಂದು ಚದರ ಮೀಟರಿಗೆ ಒಂದು ಕ್ಯಾಂಡೆಲಾ ಎಂದರೆ ಒಂದು ನಿಟ್. ಮೊಬೈಲಿನ ಜಾಹೀರಾತುಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುವುದು ಇದೇ. ಸಾಧಾರಣ ಬೆಲೆಯ ಫೋನಿನ ಪರದೆ ಸುಮಾರು 500 ನಿಟ್ ಬೆಳಗುತ್ತದೆ. ದುಬಾರಿ ಫೋನುಗಳು ಬಿಸಿಲಿನಲ್ಲಿ ಸಾವಿರವನ್ನು ದಾಟುತ್ತವೆ.

ಈಗ ಗೂಡಿನ ಮೇಲೆ ನಿಂತ ಬೆಳ್ಳಕ್ಕಿಯನ್ನು ನೋಡಿ. ಅದರ ಗರಿಯಲ್ಲಿ ಯಾವ ಬಣ್ಣವೂ ಇಲ್ಲ. ಗರಿಯೊಳಗಿನ ಸೂಕ್ಷ್ಮ ರಚನೆ, ಅದರ ನಡುವಿನ ಗಾಳಿ ಸೇರಿ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಬಿಸಿಲಿನ ಒಂದು ಲಕ್ಷ ಲಕ್ಸಿನಲ್ಲಿ ಶೇ 80ರಷ್ಟನ್ನು ಅದು ಚದುರಿಸಿತೆಂದು ಹಿಡಿದು, ಪೈಯಿಂದ ಭಾಗಿಸಿದರೆ ಬರುವ ಉತ್ತರ ಸುಮಾರು 25,000 ನಿಟ್! ಬ್ಯಾಟರಿಯಿಲ್ಲದ ಈ ಹಕ್ಕಿಯ ಮುಂದೆ 500 ನಿಟ್ಟಿನ ಪರದೆ ಐವತ್ತರಲ್ಲಿ ಒಂದು ಪಾಲು.

ಇದೇ ಲೆಕ್ಕವನ್ನು ಅಂಗಡಿಗೆ ಹಾಕಿ. ಅಲ್ಲಿನ 500 ಲಕ್ಸ್ ಬೆಳಕಿನಲ್ಲಿ ಬಿಳಿ ಗೋಡೆ ಬೆಳಗುವುದು ಸುಮಾರು 130 ನಿಟ್. ಅದರ ಎದುರು ಪರದೆ ನಾಲ್ಕು ಪಟ್ಟು ಪ್ರಕಾಶಮಾನ. ಅಲ್ಲಿ ಥಳಥಳಿಸಿದ್ದು ಇಲ್ಲಿ ಮಂಕಾಗಲು ಇಷ್ಟೇ ಕಾರಣ. ಮಂಡಗದ್ದೆಯಲ್ಲೂ ದಟ್ಟ ಮೋಡ ಕವಿದಿರುವಾಗ ಬೆಳ್ಳಕ್ಕಿ ಮತ್ತು ಪರದೆ ಹೆಚ್ಚುಕಡಿಮೆ ಸರಿಸಮ. ಹೊಳವಾದಾಗ ಸೋಲುವುದು ಪರದೆಯೇ.

ಸಾಲದೆಂಬಂತೆ ಗಾಜಿನ ಪ್ರತಿಫಲನ ಬೇರೆ. ಗಾಜಿನ ಪ್ರತಿ ಮೇಲ್ಮೈಯೂ ತನ್ನ ಮೇಲೆ ಬಿದ್ದ ಬೆಳಕಿನ ಶೇ 4ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. 5,000 ನಿಟ್ ಬೆಳಗುವ ಆಕಾಶ ಪರದೆಯಲ್ಲಿ ಪ್ರತಿಫಲಿಸಿದರೆ 200 ನಿಟ್ಟಿನ ಬಿಳಿ ಪೊರೆಯೊಂದು ಚಿತ್ರದ ಮೇಲೆ ಹಾಸಿದಂತಾಗುತ್ತದೆ. ಚಿತ್ರದ ಕಪ್ಪು ಭಾಗಗಳೆಲ್ಲ ಬೂದು. ನೀರುಕಾಗೆ ಹೊಳೆಯ ನೀರಿನಲ್ಲೇ ಕರಗಿಹೋಗುವುದು ಇದರಿಂದಲೇ.

ದುಪ್ಪಟ್ಟು ಎಂದರೆ ಎಷ್ಟು?

ಹಾಗಾದರೆ ಹಳೆಯ ಫೋನಿಗಿಂತ ಹೊಸದು ಹೆಚ್ಚು ನಿಟ್ಟಿನದಾಗಿದ್ದೂ ಏಕೆ ಸಮಾಧಾನ ತರುವುದಿಲ್ಲ? ಮೊದಲ ಉತ್ತರ ನಮ್ಮ ಕಣ್ಣಿನಲ್ಲಿದೆ. ಬೆಳಕು ಎರಡು ಪಟ್ಟಾದರೆ ಕಣ್ಣಿಗೆ ಅದು ಎರಡು ಪಟ್ಟು ಎನಿಸುವುದಿಲ್ಲ. ನಮಗಾಗುವ ಅನುಭವ ಸ್ಥೂಲವಾಗಿ ಬೆಳಕಿನ ಘನಮೂಲದಂತೆ ಏರುತ್ತದೆ. 500 ನಿಟ್ಟಿನಿಂದ 1,000 ನಿಟ್ಟಿಗೆ ಹೋದರೆ ಕಣ್ಣಿಗೆ ಕಾಣುವ ಏರಿಕೆ ಕಾಲು ಭಾಗದಷ್ಟು ಮಾತ್ರ. ಬೆಲೆ ದುಪ್ಪಟ್ಟು, ಸುಖ ಕಾಲು ಪಟ್ಟು!

ಎರಡನೆಯದು ಜಾಹೀರಾತಿನ ಜಾಣತನ. ಅಲ್ಲಿ ಹೇಳುವ ಗರಿಷ್ಠ ಸಂಖ್ಯೆ ಸಾಮಾನ್ಯವಾಗಿ ಪರದೆಯ ಒಂದು ಸಣ್ಣ ತುಣುಕಿಗೆ, ಸ್ವಲ್ಪ ಹೊತ್ತಿಗೆ ಅನ್ವಯಿಸುವಂಥದ್ದು. ಹೊಸ ಫೋನುಗಳಲ್ಲಿ ಹೆಚ್ಚಾಗಿರುವ ಓಎಲ್ಇಡಿ ಪರದೆಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುವ ಪುಟ್ಟ ದೀಪ. ಚಿತ್ರದ ತುಂಬ ಬಿಳಿ ಮುಗಿಲೇ ಇದ್ದರೆ ಎಲ್ಲ ದೀಪಗಳೂ ಒಟ್ಟಿಗೆ ಉರಿಯಬೇಕು. ಆಗ ವಿದ್ಯುತ್ತನ್ನು ಮಿತಗೊಳಿಸಲು ಫೋನು ಪರದೆಯನ್ನೇ ತಗ್ಗಿಸುತ್ತದೆ. ಹಿಂದಿನಿಂದ ಒಂದೇ ದೀಪ ಬೆಳಗಿಸುವ ಹಳೆಯ ಎಲ್‌ಸಿಡಿ ಪರದೆಗೆ ಈ ತೊಂದರೆಯಿಲ್ಲ.

ಮೂರನೆಯದನ್ನು ಬಳಸುವವರೇ ಸರಿಪಡಿಸಿಕೊಳ್ಳಬಹುದು. ಹಲವು ಫೋನುಗಳಲ್ಲಿ ಬಿಸಿಲಿಗೆಂದೇ ಇರುವ ಹೆಚ್ಚುವರಿ ಬೆಳಕು, ಸ್ವಯಂಚಾಲಿತ ಪ್ರಕಾಶದ ಗುಂಡಿ ಚಾಲೂ ಇದ್ದಾಗ ಮಾತ್ರ ಬರುತ್ತದೆ. ಅದನ್ನು ಆರಿಸಿ ಕೈಯಾರೆ ಕೊನೆಯವರೆಗೆ ಎಳೆದರೂ ಆ ಮಟ್ಟ ಸಿಗದು. ಸುತ್ತಲಿನ ಬೆಳಕನ್ನು ಅಳೆಯುವ ಸಂವೇದಕವನ್ನು ಬೆರಳು ಮುಚ್ಚಿದ್ದರೆ ಫೋನು ತಾನು ಕತ್ತಲಲ್ಲಿದ್ದೇನೆ ಎಂದೇ ತಿಳಿಯುತ್ತದೆ. ಪಕ್ಕದವರಿಗೆ ಕಾಣದಿರಲೆಂದು ಅಂಟಿಸುವ ಕಪ್ಪು ಗಾಜು ಬೆಳಕನ್ನು ನುಂಗುತ್ತದೆ. ಬಿಸಿಲಿನಲ್ಲಿ ಹಿಡಿದೇ ನಿಂತರೆ ಫೋನು ಕಾದು ತನ್ನನ್ನು ಉಳಿಸಿಕೊಳ್ಳಲು ಮಂಕಾಗುತ್ತದೆ. ಬ್ಯಾಟರಿ ಉಳಿತಾಯದ ವ್ಯವಸ್ಥೆ ಚಾಲೂ ಇದ್ದರೂ ಅದೇ ಕಥೆ. ಹಣ ಹೋಯಿತೆಂದು ಕೊರಗುವ ಮೊದಲು ಇಷ್ಟನ್ನು ನೋಡಿಕೊಳ್ಳುವುದು ಒಳ್ಳೆಯದು.

ಮಂಕಾದದ್ದು ಯಾವುದು?

ಇಷ್ಟೆಲ್ಲ ಸರಿಯಿದ್ದೂ ಮಗನಿಗೆ ಕಂಡದ್ದು ತಂದೆಗೆ ಕಾಣದಿದ್ದರೆ? ಆಗ ಫೋನನ್ನು ಬಿಟ್ಟು ಕಣ್ಣಿನ ಕಡೆ ತಿರುಗಬೇಕಾಗುತ್ತದೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಯುವಕನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ ಅರವತ್ತರವರಿಗೆ ತಲುಪುತ್ತದೆ. ಇದು ರೋಗವಲ್ಲ, ವಯೋಧರ್ಮ.

ಪೊರೆ ಬರುವುದು ಬೇರೆ ವಿಷಯ. ಮಸೂರ ಮಬ್ಬಾಗಿ ಬಣ್ಣಗಳು ಕಳೆಗುಂದುತ್ತವೆ, ಬಿಸಿಲು ಮತ್ತು ವಾಹನದ ದೀಪ ಕಣ್ಣಿಗೆ ಚುಚ್ಚುತ್ತವೆ. ಇದು ನಿಧಾನವಾಗಿ ಬರುವುದರಿಂದ ಬಂದದ್ದೇ ತಿಳಿಯುವುದಿಲ್ಲ. ಮನೆಯ ದೀಪ ಮಂಕು, ಪತ್ರಿಕೆಯ ಅಚ್ಚು ಮಂಕು, ಕೊನೆಗೆ ಹೊಸ ಫೋನೂ ಮಂಕು ಎಂದು ದೂರುತ್ತ ವರ್ಷಗಳು ಕಳೆಯುತ್ತವೆ. ಭಾರತದಲ್ಲಿ ಕುರುಡಿಗೆ ದೊಡ್ಡ ಕಾರಣ ಪೊರೆಯೇ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲೇ ಆರಂಭವಾಯಿತು. ಇಂದು ಪೊರೆಯ ಶಸ್ತ್ರಚಿಕಿತ್ಸೆ ಸರ್ವೇಸಾಮಾನ್ಯ. ಹಳೆಯ ಮಸೂರದ ಜಾಗಕ್ಕೆ ಕೃತಕ ಮಸೂರ ಬಂದಾಗ ಬಿಳಿ ಮತ್ತೆ ಬಿಳಿಯಾಗಿಯೇ ಕಾಣುತ್ತದೆ.

ಇದನ್ನು ಪರೀಕ್ಷಿಸುವುದಕ್ಕೂ ಮಂಡಗದ್ದೆ ಒಳ್ಳೆಯ ಜಾಗವೇ. ಪರದೆ ಮಾತ್ರ ಮಂಕಾಗಿದ್ದು ಹಕ್ಕಿ ಬೆಳ್ಳಗೆ ಕಂಡರೆ ತಪ್ಪು ಬಿಸಿಲಿನದು ಅಥವಾ ಫೋನಿನದು. ಹೊಳೆಯ ನಡುವಿನ ಬೆಳ್ಳಕ್ಕಿಯೂ ಮಾಸಿದ ಪಂಚೆಯಂತೆ ಹಳದಿಯಾಗಿ, ಅಂಚು ಮಸುಕಾಗಿ ಕಂಡರೆ ಹೋಗಬೇಕಾದದ್ದು ಮೊಬೈಲ್ ಅಂಗಡಿಗಲ್ಲ, ಕಣ್ಣಿನ ವೈದ್ಯರ ಬಳಿಗೆ.

ಚಿತ್ರ ತೆಗೆಯುವವರಿಗೆ

ಪರದೆ ಮಂಕಾದರೆ ತೆಗೆದ ಚಿತ್ರವೂ ಮಂಕಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಪರದೆ ಬರೀ ಕಿಟಕಿ. ಬೆಳಕನ್ನು ಹಿಡಿಯುವುದು ಹಿಂದಿನ ಮಸೂರ. ಕಾಣದೆಂದು ಚಿತ್ರದ ಬೆಳಕನ್ನು ಏರಿಸಿದವರು ಮನೆಗೆ ಹೋಗಿ ನೋಡಿದಾಗ ಬೆಳ್ಳಕ್ಕಿ ಕಣ್ಣು, ಗರಿ ಒಂದೂ ಇಲ್ಲದ ಬಿಳಿ ಚುಕ್ಕೆಯಾಗಿರುತ್ತದೆ. ಕಡುಹಸಿರಿನ ನಡುವೆ ಬಿಳಿ ಹಕ್ಕಿ ಇರುವಾಗ ಮಾಡಬೇಕಾದದ್ದು ಇದರ ತಿರುಗುಮುರುಗು. ಪರದೆಯ ಮೇಲೆ ಹಕ್ಕಿಯನ್ನು ಬೆರಳಿನಿಂದ ಮುಟ್ಟಿ, ಬೆಳಕನ್ನು ಒಂದಿಷ್ಟು ಇಳಿಸಬೇಕು.

ಕಾಣುತ್ತಿಲ್ಲವೆಂದು ಹತ್ತಿರ ಹೋಗುವ ಆಸೆ ಮಾತ್ರ ಬೇಡ. ಮಳೆಗಾಲದ ತುಂಗೆಯ ದಡ ಜಾರುತ್ತದೆ, ಸೆಳವು ಬಲವಾಗಿರುತ್ತದೆ. ಗಲಾಟೆಗೆ ಬೆದರಿ ತಾಯಿ ಹಕ್ಕಿ ಎದ್ದರೆ ಮೊಟ್ಟೆ, ಮರಿಗಳು ಮಳೆಗೆ, ಹದ್ದಿಗೆ ತೆರೆದುಕೊಳ್ಳುತ್ತವೆ. ಇದಕ್ಕಿಂತ ಎಂಟು ಪಟ್ಟು ಹತ್ತಿರ ತೋರಿಸುವ, 40 ಮಿ.ಮೀ. ಮಸೂರದ ಒಂದು ದುರ್ಬೀನು ಸಾಕು. ಅದರಿಂದ ಹೊರಬರುವ ಬೆಳಕಿನ ಕಂಬ 5 ಮಿ.ಮೀ. ಅಗಲ. ಹಗಲಿನಲ್ಲಿ ಕಣ್ಣಿನ ಪಾಪೆ ಅಷ್ಟು ಅಗಲವಾಗುವುದೇ ಇಲ್ಲವಾದ್ದರಿಂದ ಬೆಳಕಿಗೆ ಕೊರತೆಯಿಲ್ಲ. ಅದಕ್ಕೆ ಪರದೆಯೂ ಇಲ್ಲ, ನಿಟ್ಟಿನ ಚಿಂತೆಯೂ ಇಲ್ಲ.

ಹೋಗುವುದು ಹೇಗೆ?

ಮಂಡಗದ್ದೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಶಿವಮೊಗ್ಗದಿಂದಲೂ ತೀರ್ಥಹಳ್ಳಿಯಿಂದಲೂ ಸುಮಾರು 30 ಕಿ.ಮೀ. ಈ ಎರಡು ಊರುಗಳ ನಡುವೆ ಓಡಾಡುವ ಬಸ್ಸುಗಳು ಈ ಮಾರ್ಗವಾಗಿಯೇ ಹೋಗುತ್ತವೆ. ಜುಲೈಯಿಂದ ಅಕ್ಟೋಬರ್‌ವರೆಗೆ ಹಕ್ಕಿಗಳನ್ನು ನೋಡಲು ಸೂಕ್ತ ಕಾಲ. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋದರೆ ಹಕ್ಕಿಗಳ ಓಡಾಟವೂ ಹೆಚ್ಚು, ಓರೆ ಬಿಸಿಲಿನಲ್ಲಿ ಪರದೆಯೂ ಒಂದಿಷ್ಟು ಕಾಣುತ್ತದೆ. ಇದೇ ದಾರಿಯಲ್ಲಿ ಬೆಳಿಗ್ಗೆ ಸಕ್ರೆಬೈಲಿನ ಆನೆಗಳನ್ನೂ, ಮುಂದೆ ತೀರ್ಥಹಳ್ಳಿ ದಾಟಿ ಕುಪ್ಪಳಿಯನ್ನೂ ನೋಡಿಕೊಂಡು ಬರಬಹುದು. ಕೊಡೆ ಮರೆಯಬೇಡಿ. ಮಳೆಗೂ ಆಗುತ್ತದೆ, ಪರದೆಗೆ ನೆರಳು ಹಿಡಿಯಲೂ ಆಗುತ್ತದೆ.