ಪಕ್ಕದ ಗದ್ದೆಯ ಕದಿರು

ಫಸ್ಟ್ ಇಯರ್ ಇಂಡಕ್ಷನ್‌ನಲ್ಲಿ ಒಬ್ಬರು ಬಂದು, "ದಿನಾ ಮಲಗೋ ಮುಂಚೆ ನೀವು ಕೃತಜ್ಞರಾಗಿರಬೇಕಾದ ಮೂರು ವಿಷಯ ಬರೀರಿ" ಅಂದಿದ್ರು. ಕೊಡಗಿನಿಂದ ಬಂದು ಒಂದೇ ರೂಮು ಸೇರಿದ್ದ ನಾವು ಮೂವರೂ ಹೊಸ ನೋಟ್‌ಬುಕ್ ತಂದು ಶುರು ಮಾಡಿದೆವು. ಮೊದಲ ಇಂಟರ್ನಲ್ಸ್ ಮುಗಿಯೋ ಹೊತ್ತಿಗೆ ನೋಟ್‌ಬುಕ್ ಮಂಚದ ಕೆಳಗಿತ್ತು. ಮ್ಯಾಥ್ಸ್‌ನಲ್ಲಿ ಡುಮ್ಕಿ ಹೊಡೆದ ರಾತ್ರಿ ಯಾರಿಗೆ ಅಂತ ಥ್ಯಾಂಕ್ಸ್ ಹೇಳೋದು?

ಆಮೇಲೆ ಒಂದು ರಾತ್ರಿ ಮಾತಾಡ್ತಾ ನೆನಪಾಯ್ತು: ಕಷ್ಟದಲ್ಲಿ ಕೃತಜ್ಞತೆ ಅಂದ್ರೇನು ಅಂತ ನಾವು ಮನೆಯಲ್ಲೇ ನೋಡಿದ್ದೆವು.

2018ರ ಆಗಸ್ಟ್. ನಾವಾಗ ಹೈಸ್ಕೂಲು. ಮಳೆ ನಮಗೆ ಹೊಸದಲ್ಲ, ಆದರೆ ಆ ವರ್ಷ ಬೆಟ್ಟಗಳೇ ಜಾರಿದವು. ಜೋಡುಪಾಲ, ಮಕ್ಕಂದೂರು, ಕಾಲೂರು, ಮುಕ್ಕೋಡ್ಲು, ಹಟ್ಟಿಹೊಳೆ... ಬಸ್ಸಿನ ಬೋರ್ಡಲ್ಲಿ ಓದುತ್ತಿದ್ದ ಹೆಸರುಗಳೆಲ್ಲ ಟಿವಿಯಲ್ಲಿ ಬಂದವು. ಮಡಿಕೇರಿ–ಸಂಪಾಜೆ ಹೆದ್ದಾರಿ ಬಂದ್. ನಮ್ಮಲ್ಲೊಬ್ಬನ ಮನೆ ಮಕ್ಕಂದೂರಿನ ಕಡೆ. ಮನೆ ಉಳೀತು, ಆಗಷ್ಟೇ ನಾಟಿ ಮುಗಿಸಿದ್ದ ಗದ್ದೆ ಮಣ್ಣಿನಡಿ ಹೋಯ್ತು. ಹದಿನೈದು ದಿನ ಪರಿಹಾರ ಕೇಂದ್ರದಲ್ಲಿದ್ದರು. ಹೊರಗಿನ ಜಿಲ್ಲೆಗಳಿಂದ ಅಕ್ಕಿ, ಕಂಬಳಿ ಬಂತು. ಭತ್ತ ಬೆಳೆಯೋ ಮನೆಯವರು ತಟ್ಟೆ ಹಿಡಿದು ಸಾಲಲ್ಲಿ ನಿಂತಾಗ ಮೊದಲು ಬರೋದು ಕೃತಜ್ಞತೆ ಅಲ್ಲ, ನಾಚಿಕೆ. ಅವನ ಅಪ್ಪ ಆ ಸಾಲಲ್ಲಿ ಒಂದು ದಿನವೂ ತಲೆ ಎತ್ತಲಿಲ್ಲವಂತೆ.

ನವೆಂಬರಲ್ಲಿ ಹುತ್ತರಿ ಬಂತು. ಗೊತ್ತಿಲ್ಲದವರಿಗೆ ಹೇಳ್ತೀವಿ, ಅದು ಹೊಸ ಅಕ್ಕಿಯ ಹಬ್ಬ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮುಹೂರ್ತ ಗೊತ್ತು ಮಾಡ್ತಾರೆ. ಆ ರಾತ್ರಿ ಮನೆಮಂದಿಯೆಲ್ಲ ಗದ್ದೆಗಿಳಿದು, ಗುಂಡು ಹಾರಿಸಿ, ಮೊದಲ ಕದಿರು ಕೊಯ್ದು "ಪೊಲಿ ಪೊಲಿ ದೇವಾ" ಅಂತ ಕೂಗ್ತಾ ಮನೆಗೆ ತರ್ತೀವಿ. ಪೊಲಿ ಅಂದ್ರೆ ಹೆಚ್ಚಲಿ, ಸಮೃದ್ಧಿಯಾಗಲಿ ಅಂತ.

"ಗದ್ದೆಯೇ ಇಲ್ಲ, ಇನ್ನೆಲ್ಲಿ ಹುತ್ತರಿ?" ಅಂದರು ಅವನ ಅಪ್ಪ.

ಅಜ್ಜಿ ಬಿಡಲಿಲ್ಲ. "ಹೋಗಿರೋದು ನಮ್ಮ ಗದ್ದೆ. ಊರಿನ ಗದ್ದೆಯೆಲ್ಲಾ ಹೋಯ್ತಾ? ಪಕ್ಕದ ಮನೆಯವರ ಜೊತೆ ಇಳಿ, ಹೋಗು."

ಹೋದರು. ಪಕ್ಕದ ಮನೆಯವರು ಕತ್ತಿಯನ್ನ ಇವರ ಕೈಗೇ ಕೊಟ್ಟು, "ಅಣ್ಣಾ, ಈ ಸಲ ಮೊದಲ ಕದಿರು ನೀವು ಕೊಯ್ಯಿ" ಅಂದರಂತೆ. "ಪೊಲಿ ಪೊಲಿ" ಅನ್ನೋಕೆ ಹೋದರೆ ಮೊದಲ ಸಲ ದನಿಯೇ ಬರಲಿಲ್ಲ. ಮನೆಗೆ ಬಂದು ಬಾಗಿಲಿಗೆ ಕದಿರು ಕಟ್ಟುವಾಗ ಅಜ್ಜಿ ಒಬ್ಬೊಬ್ಬರನ್ನೇ ನೆನೆದರು: ಹೊಳೆ ದಾಟಿಸಿದ ಹುಡುಗರು, ಕೇಂದ್ರದಲ್ಲಿ ಗಂಜಿ ಬೇಯಿಸಿದವರು, ಕಂಬಳಿ ಕಳಿಸಿದವರು. ಹೆಸರು ಗೊತ್ತಿಲ್ಲದವರೇ ಜಾಸ್ತಿ.

"ಆಗಿದ್ದೆಲ್ಲಾ ಒಳ್ಳೇದಕ್ಕೇ" ಅಂತ ಅಲ್ಲಿ ಯಾರೂ ಹೇಳಲಿಲ್ಲ. ಹಬ್ಬ ಮುಗಿಸಿ ಅವನ ಅಪ್ಪ ಬೆಳೆ ಪರಿಹಾರದ ಅರ್ಜಿ ಹಿಡ್ಕೊಂಡು ಮತ್ತೆ ಕಚೇರಿಗೆ ಅಲೆದರು. ಹೋದದ್ದನ್ನ ಮರೆಯೋದು ಕೃತಜ್ಞತೆ ಅಲ್ಲ ಅಂತ ನಮಗೆ ಈಗ ಅನ್ನಿಸುತ್ತೆ. ಹೋದದ್ದರ ಲೆಕ್ಕ ಇಟ್ಟುಕೊಂಡೇ, ಬಂದದ್ದು ಯಾರಿಂದ ಬಂತು ಅಂತಲೂ ಲೆಕ್ಕ ಇಡೋದು. 2019ರಲ್ಲಿ ತೋರದಲ್ಲಿ ಗುಡ್ಡ ಕುಸಿಯಿತು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಆ ವರ್ಷಗಳಲ್ಲೂ ಹುತ್ತರಿ ನಿಲ್ಲಲಿಲ್ಲ.

ನೋಟ್‌ಬುಕ್ ಮತ್ತೆ ಮೇಲೆ ಬಂದಿದೆ. ಮೂರು ವಿಷಯ ಬರೆಯಲ್ಲ, ಒಬ್ಬರ ಹೆಸರು ಬರೀತೀವಿ, ಸಾಧ್ಯವಾದರೆ ಮರುದಿನ ಅವರಿಗೇ ಹೇಳ್ತೀವಿ. ಬ್ಯಾಕ್ ಪೇಪರ್‌ಗೆ ರಾತ್ರಿ ಎರಡರವರೆಗೆ ಕೂತು ಹೇಳಿಕೊಟ್ಟ ಸೀನಿಯರ್. ಜ್ವರ ಬಂದಾಗ ಕೇಳದೇ ಗಂಜಿ ಮಾಡಿಕೊಟ್ಟ ಮೆಸ್ಸಿನ ಅಕ್ಕ. ಅವರ ಹೆಸರು ಬರೆಯೋಕೆ ಕೂತಾಗಲೇ ಗೊತ್ತಾಗಿದ್ದು, ಎರಡು ವರ್ಷದಿಂದ ಅವರ ಕೈಯೂಟ ಉಂಡರೂ ನಾವು ಹೆಸರು ಕೇಳಿರಲೇ ಇಲ್ಲ.

ಕಳೆದ ಹುತ್ತರಿಗೆ ಲ್ಯಾಬ್ ಎಕ್ಸಾಮ್ ಇತ್ತು, ಊರಿಗೆ ಹೋಗಲಾಗಲಿಲ್ಲ. ಊರಿಂದ ಬಂದ ಪರಿಚಯದವರ ಕೈಲಿ ಪೇಪರ್‌ನಲ್ಲಿ ಸುತ್ತಿದ ಕದಿರು ಬಂತು. ಒಂದು ಎಳೆ ರೂಮಿನ ಬಾಗಿಲಿಗೆ ಕಟ್ಟಿದೆವು, ಇನ್ನೊಂದನ್ನ ಮೆಸ್ಸಿನ ಅಕ್ಕನಿಗೆ ಕೊಟ್ಟೆವು.