ಆತುರಕ್ಕೆ ಮುರಿದ ಬೋಲ್ಟು

ಮಂಗಳೂರು ಬಂದರಿನ ಸಮೀಪದ ನಮ್ಮ ಗ್ಯಾರೇಜಿಗೆ ಮೀನಿನ ಲಾರಿಗಳು ಬರುವುದೇ ಹೆಚ್ಚು. ಇಂಜಿನ್ನಿನಿಂದ 'ಟಿಕ್ ಟಿಕ್' ಸದ್ದು ಕೇಳಿಸಿ, ಜೋಡಣೆಯ ಬಳಿ ಮಸಿ ಕಂಡರೆ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಹೋಗಿದೆಯೆಂದೇ ಲೆಕ್ಕ. ಹೊಗೆಯನ್ನು ಸೈಲೆನ್ಸರಿಗೆ ಸಾಗಿಸುವ ಈ ಬೀಡು ಕಬ್ಬಿಣದ ಭಾಗ ದಿನವೂ ನೂರಾರು ಡಿಗ್ರಿ ಕಾಯುತ್ತದೆ, ತಣಿಯುತ್ತದೆ. ಜೊತೆಗೆ ಕಡಲ ಉಪ್ಪುಗಾಳಿ. ಅದರ ಬೋಲ್ಟುಗಳು ತುಕ್ಕು ಹಿಡಿದು ಇಂಜಿನ್ ಹೆಡ್ಡಿಗೆ ಅಂಟಿಬಿಡುತ್ತವೆ.

ಒಂದು ಸಂಜೆ ಬಂದ ಲಾರಿಯಲ್ಲಿ ಮೀನಿತ್ತು, ಐಸು ಕರಗುತ್ತಿತ್ತು. 'ಬೇಗ ಬಿಟ್ಟುಕೊಡಿ ಕಾಕಾ' ಎಂದು ಚಾಲಕ ಅಂಗಲಾಚಿದ. ನಾವೂ ಆತುರಪಟ್ಟೆವು. ಎಣ್ಣೆ ಬಿಟ್ಟು ಕಾಯದೆ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದೆವು. ಬೋಲ್ಟು ಹೆಡ್ಡಿನ ಮಟ್ಟಕ್ಕೇ ಮುರಿಯಿತು. ಮೀನನ್ನು ಬೇರೆ ಲಾರಿಗೆ ತುಂಬಿಸಬೇಕಾಯಿತು. ಅವನ ಬಾಡಿಗೆ ಹೋಯಿತು. ಮುರಿದ ತುಂಡಿಗೆ ನಟ್ಟು ವೆಲ್ಡ್ ಮಾಡಿ, ಅದನ್ನು ಮೆಲ್ಲಗೆ ತಿರುಗಿಸಿ ತೆಗೆಯುವಾಗ ನಡುರಾತ್ರಿ. ಅವನು ಬೈಯಲಿಲ್ಲ, ಟಾರ್ಚು ಹಿಡಿದು ಪಕ್ಕದಲ್ಲೇ ಕುಳಿತಿದ್ದ. ಕೂಲಿ ಕೇಳಲು ನಮಗೆ ಬಾಯಿ ಬರಲಿಲ್ಲ.

ಈಗ ನಾವು ಹಿಂದಿನ ರಾತ್ರಿಯೇ ಎಣ್ಣೆ ಬಿಡುತ್ತೇವೆ. ಬೆಳಿಗ್ಗೆ ಬೋಲ್ಟನ್ನು ಮೊದಲು ತುಸು ಬಿಗಿದು, ಬಳಿಕ ಸಡಿಲಿಸಿ, ಹೀಗೆ ಹಿಂದೆ ಮುಂದೆ ತಿರುಗಿಸುತ್ತೇವೆ. ಒಪ್ಪದಿದ್ದರೆ ಎಣ್ಣೆ ಒರೆಸಿ ಗ್ಯಾಸಿನಿಂದ ಸುತ್ತ ಕಾಯಿಸುತ್ತೇವೆ. ಮರಳಿ ಕೂರಿಸುವಾಗ ಥ್ರೆಡ್ ಶುಚಿಮಾಡಿ, ತಾಮ್ರದ ಗ್ರೀಸು ಹಚ್ಚಿ, ನಡುವಿನಿಂದ ಹೊರಕ್ಕೆ ಬಿಗಿಯುತ್ತೇವೆ. ಮುಂದೆ ಯಾವ ಊರಿನ ಯಾವ ಹುಡುಗ ಅದನ್ನು ಬಿಚ್ಚುತ್ತಾನೋ!

'ರಾತ್ರಿ ಬಿಟ್ಟು ಹೋಗಿ' ಎಂದರೆ ಕೆಲವರು ಬೇರೆ ಗ್ಯಾರೇಜಿಗೆ ಹೋಗುತ್ತಾರೆ. ನಷ್ಟ ನಮಗೇ. ಆದರೂ ಆ ಟಾರ್ಚು ಹಿಡಿದ ಕೈ ನೆನಪಾಗಿ ಸುಮ್ಮನಾಗುತ್ತೇವೆ.